ದೊಡ್ಡ ರಜೆ: ಮಕ್ಕಳನ್ನು ಬಿಡುವ ಮೊದಲು ಅಂಗಳ ನೋಡಿ

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿಯಿತೆಂದರೆ ಜೂನ್ ತಿಂಗಳಲ್ಲಿ ಶಾಲೆ ತೆರೆಯುವವರೆಗೆ ಮಕ್ಕಳು ಮನೆಯಲ್ಲೇ. ನಮ್ಮ ಕಾಸರಗೋಡಿನ ಕೃಷಿಕರಿಗಾದರೋ ಅದೇ ಎರಡು ತಿಂಗಳು ಬಿಡುವಿಲ್ಲದ ಕಾಲ. ಗೇರುಬೀಜ ಹೆಕ್ಕಬೇಕು, ತೋಟಕ್ಕೆ ನೀರು ಬಿಡಬೇಕು, ಅಡಿಕೆ ಸುಲಿಯಬೇಕು, ಮಳೆಗಾಲಕ್ಕೆ ಕಟ್ಟಿಗೆ ಕೂಡಿಡಬೇಕು. ಮಕ್ಕಳ ಹಿಂದೆ ದಿನವಿಡೀ ತಿರುಗಲು ಯಾರಿಗೂ ಪುರುಸೊತ್ತಿಲ್ಲ. ಕೈಗೆ ಮೊಬೈಲು ಕೊಟ್ಟು ಕೂರಿಸಿದರೆ ಮನೆ ಸದ್ದಿಲ್ಲದೆ ಇರುತ್ತದೆ ನಿಜ. ಆದರೆ ಸಂಜೆಗೆ ಮಗುವಿನ ಮುಖ ನೋಡಿದರೆ ಅದಕ್ಕೆ ಸಂತೋಷವಾಗಿದೆ ಎಂದು ಹೇಳಲಾಗದು.

ಕೆಲವು ವರ್ಷಗಳ ಹಿಂದೆ ಮೇ ಕೊನೆಯಲ್ಲಿ ನಮ್ಮ ಮನೆಯಲ್ಲೇ ನಡೆದ ಸಂಗತಿ ಹೇಳುತ್ತೇನೆ. ಅಡಿಕೆಗೆ ಮದ್ದು ಬಿಡಲು ತಂದ ಮೈಲುತುತ್ತಿನ ಚೀಲದ ಬಾಯಿ ಬಿಚ್ಚಿ ಜಗಲಿಯ ಮೂಲೆಯಲ್ಲಿಟ್ಟು, ನಾನು ಸುಣ್ಣ ತರಲು ಹೋಗಿದ್ದೆ. ತಮ್ಮನ ಆರು ವರ್ಷದ ಮಗ ಅಂಗಡಿ ಆಟ ಹೂಡಿದ್ದ. ಆ ನೀಲಿ ಹರಳುಗಳನ್ನು ಗೆರಟೆಯ ನೀರಿನಲ್ಲಿ ಕದಡಿ, ಮೂರು ವರ್ಷದ ತಂಗಿಗೆ "ಶರಬತ್ತು" ಕುಡಿಸಲು ಹೊರಟಿದ್ದ. ಹಟ್ಟಿಯಿಂದ ಬರುತ್ತಿದ್ದ ನಮ್ಮ ಅಮ್ಮ ಓಡಿ ಬಂದು ಗೆರಟೆ ಕಿತ್ತುಕೊಂಡರು. ಹುಡುಗನಿಗೆ ಎರಡು ಪೆಟ್ಟು ಬಿತ್ತು. ರಾತ್ರಿ ಊಟಕ್ಕೆ ಕೂತಾಗ ಅಮ್ಮ, "ಪೆಟ್ಟು ಬೀಳಬೇಕಾದದ್ದು ಅವನಿಗಲ್ಲ" ಎಂದರು. ನಾನು ತಲೆ ಎತ್ತಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕ್ರಮವಿದೆ. ರಜೆ ಸುರುವಾಗುವ ಮೊದಲ ಭಾನುವಾರ ಅರ್ಧ ದಿನ ಹಿರಿಯರ ಕೆಲಸ. ಆಮೇಲೆ ಎರಡು ತಿಂಗಳು ಮಕ್ಕಳದು.

ಹಿರಿಯರು ಮಾಡಬೇಕಾದದ್ದು

1. ನೀರು: ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ, 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ನೀರಲ್ಲಿ ಮುಳುಗುವುದು ಮೂರನೆಯದು. ಆವರಣ ಗೋಡೆಯಿಲ್ಲದ ತೋಟದ ಬಾವಿ, ಕೆರೆ, ಕಲ್ಲು ಕಡಿದುಬಿಟ್ಟ ಹೊಂಡ ಇವಕ್ಕೆ ಬಿದಿರು, ಮುಳ್ಳು ಅಥವಾ ಬಲೆಯ ಬೇಲಿಯಾಗಲಿ. ಪ್ಲಾಸ್ಟಿಕ್ ಹಾಳೆ ಹಾಸಿದ ನೀರಿನ ಹೊಂಡ ಇನ್ನೂ ಅಪಾಯ. ಬದಿ ಜಾರುವುದರಿಂದ ಈಜು ಬಲ್ಲವನಿಗೂ ಮೇಲೆ ಬರಲು ಹಿಡಿತ ಸಿಗದು. ಅಲ್ಲಿ ಗಂಟು ಹಾಕಿದ ದಪ್ಪ ಹಗ್ಗವೊಂದನ್ನು ಗಟ್ಟಿ ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಡಿ. ತೀರಾ ಚಿಕ್ಕ ಮಗುವಿಗೆ ಬಚ್ಚಲಿನ ಬಕೇಟಿನ ನೀರೂ ಸಾಕು. ಬಳಸಿದ ಮೇಲೆ ಕವುಚಿಡಿ.

2. ಮದ್ದು: ಮೈಲುತುತ್ತು, ಕೀಟನಾಶಕ, ಕಳೆನಾಶಕ, ರಬ್ಬರ್ ಹಾಲಿಗೆ ಹಾಕುವ ಆಸಿಡ್ ಇವೆಲ್ಲ ಬೀಗದೊಳಗಿರಲಿ. ಆಸಿಡ್ ನೋಡಲು ನೀರಿನಂತೆಯೇ ಇರುತ್ತದೆ. ತಂಪು ಪಾನೀಯದ ಬಾಟಲಿಗೆ ಯಾವ ಮದ್ದನ್ನೂ ಸುರಿದಿಡಬೇಡಿ. ಮಗು ಅಕಸ್ಮಾತ್ ನುಂಗಿದರೆ ವಾಂತಿ ಮಾಡಿಸಲು ಹೋಗದೆ, ಆ ಚೀಲ ಅಥವಾ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಕಣ್ಣಿಗೆ ಬಿದ್ದರೆ ಶುದ್ಧ ನೀರಿನಲ್ಲಿ 15 ನಿಮಿಷ ತೊಳೆದು ನಂತರ ಕರೆದೊಯ್ಯಿರಿ.

3. ವಿದ್ಯುತ್ತು ಮತ್ತು ಹಾವು: ಪಂಪ್ ಶೆಡ್ಡಿಗೆ ಬಾಗಿಲು ಬೇಕು. ಅಂಗಳದ ಅಂಚಿನ ತೆಂಗಿನ ಸಿಪ್ಪೆ, ಕಲ್ಲಿನ ರಾಶಿಯನ್ನು ಮಕ್ಕಳು ಆಡುವಲ್ಲಿಂದ ದೂರಕ್ಕೆ ಸಾಗಿಸಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಆ ಅಂಗ ಅಲುಗಾಡದಂತೆ ನೋಡಿಕೊಂಡು ಕೂಡಲೇ ಆಸ್ಪತ್ರೆ ಸೇರಿಸಿ. ಆಂಬುಲೆನ್ಸಿನ 108 ಸಂಖ್ಯೆಯನ್ನೂ, ಹತ್ತಿರದ ಮನೆಯವರ ಫೋನ್ ನಂಬರನ್ನೂ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಇಷ್ಟಾದ ಮೇಲೆ ಮಕ್ಕಳಿಗೆ ಮೂರೇ ನಿಯಮ ಸಾಕು. ದೊಡ್ಡವರಿಲ್ಲದೆ ನೀರಿಗಿಳಿಯಬಾರದು. ಯಾರಾದರೂ ನೀರಿಗೆ ಬಿದ್ದರೆ ಹಾರಬಾರದು. ಕೂಗಬೇಕು, ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಬೇಕು. ಗುಡುಗು ಕೇಳಿದೊಡನೆ ಮರದಡಿಯಿಂದ ಮನೆಯೊಳಗೆ ಬರಬೇಕು. ಹತ್ತು ನಿಯಮ ಹೇಳಿದರೆ ಒಂದೂ ನೆನಪಿರದು.

ಅವರದೇ ಒಂದು ಪಾತಿ

ಪ್ರತಿ ಮಗುವಿಗೂ ಮೂರಡಿ ಅಗಲ, ಆರಡಿ ಉದ್ದದ ಒಂದು ಪಾತಿ ಕೊಡಿ. ರಜೆಯ ಲೆಕ್ಕಕ್ಕೆ ಸರಿಹೊಂದುವ ಬೆಳೆಗಳು ನಮ್ಮಲ್ಲೇ ಇವೆ. ಏಪ್ರಿಲ್ ಮೊದಲ ವಾರ ಹಾಕಿದ ಹರಿವೆ 25-30 ದಿನಕ್ಕೆ ಪದಾರ್ಥಕ್ಕೆ ಸಿಗುತ್ತದೆ. ಬೆಂಡೆ, ಅಲಸಂಡೆ ಸುಮಾರು 50 ದಿನಕ್ಕೆ, ಅಂದರೆ ಶಾಲೆ ತೆರೆಯುವ ಮೊದಲೇ ಮೊದಲ ಕೊಯ್ಲು ಕೊಡುತ್ತವೆ. ಹರಿವೆ ಬೀಜ ಬಹಳ ಸಣ್ಣದಾದ್ದರಿಂದ ಮರಳಿನೊಡನೆ ಬೆರೆಸಿ ಬಿತ್ತಲು ತೋರಿಸಿ; ಬೀಜ ಇರುವೆ ಪಾಲಾಗದಂತೆ ಸ್ವಲ್ಪ ಅಕ್ಕಿತರಿ ಚೆಲ್ಲಿ. ಬೆಂಡೆ ಬೀಜ ಒಂದು ರಾತ್ರಿ ನೆನೆಯಲಿ. ಹಟ್ಟಿಗೊಬ್ಬರ, ಬೂದಿ, ಬೆಳಗ್ಗೆ ಸಂಜೆ ನೀರು ಇಷ್ಟೇ ಸಾಕು. ಆ ಪಾತಿಗೆ ಮಾತ್ರ ವಿಷದ ಮದ್ದು ಬೇಡವೇ ಬೇಡ.

ಮುಖ್ಯವಾದ ಮಾತು: ಮಗು ನೀರು ಹಾಕಲು ಮರೆತರೆ ನೀವು ಹಾಕಬೇಡಿ. ಒಣಗಿದರೆ ಒಣಗಲಿ, ಮತ್ತೆ ಬಿತ್ತಿಕೊಳ್ಳಲಿ. ನಾವು ಕೈ ಹಾಕಿದ ದಿನವೇ ಅದು ನಮ್ಮ ಪಾತಿಯಾಗುತ್ತದೆ.

ಒಂದು ಗೇರುಮರ

ಮನೆ ಸಮೀಪದ ಒಂದು ಗೇರುಮರವನ್ನು ಮಕ್ಕಳ ಹೆಸರಿಗೆ ಬಿಡಿ. ಬಿದ್ದ ಬೀಜ ಹೆಕ್ಕಿ, ತೂಗಿ, ಪುಸ್ತಕದಲ್ಲಿ ಬರೆದಿಡಲಿ. ಮಾರಿದ ಹಣ ಅವರಿಗೇ ಸಿಗಲಿ. ಶಾಲೆಯಲ್ಲಿ ಗುಣಿಸಲು ಬೇಸರಪಡುವ ಹುಡುಗ ಇಲ್ಲಿ ಕಿಲೋ, ಗ್ರಾಮು ತಪ್ಪದೆ ಲೆಕ್ಕ ಹಾಕುತ್ತಾನೆ. ಆದರೆ ಬೀಜ ಸುಡುವ ಕೆಲಸ ಅವರದಲ್ಲ. ಸಿಪ್ಪೆಯ ಎಣ್ಣೆ ಸಿಡಿದು ಚರ್ಮ ಸುಡುತ್ತದೆ. ಹಸಿ ಬೀಜವನ್ನು ಹಲ್ಲಿನಿಂದ ಕಚ್ಚಲೂಬಾರದು.

ಬಿಸಿಲ ಹೊತ್ತು, ಮಳೆಯ ಹೊತ್ತು

ಬೆಳಗ್ಗೆ 11ರಿಂದ ಮಧ್ಯಾಹ್ನ 3ರ ತನಕ ನೆರಳಲ್ಲಿರಲಿ. ಬಾಯಾರಿಕೆಯಾಗುವ ಮೊದಲೇ ಕುಡಿಯಲು ಮಜ್ಜಿಗೆ ನೀರು ಅಥವಾ ಪುನರ್ಪುಳಿ ಶರಬತ್ತು ಕೈಗೆಟಕುವಲ್ಲಿ ಇಡಿ. ಆ ಹೊತ್ತಿಗೆ ಚೆನ್ನೆಮಣೆ ಬಹಳ ಒಳ್ಳೆಯದು. ಮಣೆ ಇಲ್ಲದಿದ್ದರೆ ನೆರಳಿನ ಮಣ್ಣಿನಲ್ಲಿ 14 ಗುಳಿ ತೋಡಿ, ಗುಳಿಗೆ ನಾಲ್ಕರಂತೆ 56 ಹುಣಿಸೆಬೀಜ ಹಾಕಿದರಾಯಿತು. ಕೆಂಪು ಮೈ, ಕಪ್ಪು ಕಣ್ಣಿನ ಗುಲಗಂಜಿ ಮಾತ್ರ ಬಳಸಬೇಡಿ, ಅದು ಅಗಿದರೆ ವಿಷ. ಮಡಲಿನ ಗರಿಯಲ್ಲಿ ಪೀಪಿ, ಗಡಿಯಾರ ಮಾಡುವುದನ್ನು ಅಜ್ಜಿಯಿಂದ ಒಮ್ಮೆ ಕಲಿತರೆ ಸಾಕು, ಆಮೇಲೆ ಅವರೇ ಹೊಸದು ಹುಡುಕುತ್ತಾರೆ. ಬಿಸಿಲಿಗೆ ಹಾಕಿದ ಮಾಂಬಳ, ಹಲಸಿನ ಹಪ್ಪಳಕ್ಕೆ ಜಗಲಿಯಲ್ಲೇ ಕುಳಿತು ಕಾಗೆ ಕಾಯುವ ಕೆಲಸವನ್ನು ಚಿಕ್ಕವರಿಗೆ ಕೊಡಿ. ಕೂಲಿಯಾಗಿ ಒಂದು ತುಂಡು ಮಾಂಬಳ. ಸಂಜೆ ಬಿಸಿಲು ಇಳಿದ ಮೇಲೆ ಅಡಿಕೆ ಹಾಳೆಯಲ್ಲಿ ಒಬ್ಬ ಕೂತು ಒಬ್ಬ ಎಳೆಯುವ ಆಟ ಇದ್ದೇ ಇದೆ.

"ಬೇಜಾರು" ಎಂದು ಮಗು ಬಂದು ನಿಂತಾಗ ತಕ್ಷಣ ಏನಾದರೂ ಹುಡುಕಿ ಕೊಡಬೇಕೆಂದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿರಿ. ಹೆಚ್ಚಿನ ಆಟಗಳು ಆ ಬೇಜಾರಿನಿಂದಲೇ ಹುಟ್ಟಿದವು. ಆದರೆ ಐದಾರು ವರ್ಷದೊಳಗಿನವರನ್ನು ಅಣ್ಣ ಅಕ್ಕಂದಿರ ಮೇಲೆಯೇ ಬಿಡಬೇಡಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬ ದೊಡ್ಡವರು ಇರಲೇಬೇಕು.

ಅಂದು ಶರಬತ್ತು ಕದಡಿದ ಹುಡುಗ ಮರುವರ್ಷ ತನ್ನ ಪಾತಿಯ ಹರಿವೆ ಕೊಯ್ದು ಅಜ್ಜಿಗೆ ಕೊಟ್ಟ. ಅಮ್ಮ ಅದನ್ನು ಸಾಸಮೆ ಮಾಡಿ ಎಲ್ಲರಿಗೂ ಬಡಿಸಿದರು. ಮೈಲುತುತ್ತಿನ ಚೀಲ ಆಗ ಅಟ್ಟದ ಪೆಟ್ಟಿಗೆಯಲ್ಲಿತ್ತು. ಬೀಗದ ಕೈ ಅಮ್ಮನ ಸೊಂಟದಲ್ಲಿತ್ತು. ಈ ಭಾನುವಾರ ನಿಮ್ಮ ಮನೆಯ ಜಗಲಿಯ ಮೂಲೆಗಳನ್ನೂ ಒಮ್ಮೆ ನೋಡಿ.