ಗುಡ್ಡದ ನೆತ್ತಿಯ ನಿಲ್ದಾಣ: ಮಂಗಳೂರಿನ ರನ್‌ವೇಗೆ ಬೇಕಿರುವ ನೆಲ

ದಾವಣಗೆರೆ, ಹರಿಹರದ ಬಯಲುನಾಡಿನಲ್ಲಿ ಮಟ್ಟಸವಾದ ಜಾಗವೊಂದು ಸಿಕ್ಕರೆ ವಿಮಾನ ನಿಲ್ದಾಣ ಆದೀತು ಎಂದು ನಾವು ಮಾತನಾಡಿಕೊಳ್ಳುತ್ತೇವೆ. ಬಂದರು ನಗರ ಮಂಗಳೂರಿಗೆ ಆ ಅನುಕೂಲ ಇರಲಿಲ್ಲ. ನಗರದಿಂದ ಸುಮಾರು 13 ಕಿ.ಮೀ. ದೂರದ ಬಜಪೆ–ಕೆಂಜಾರಿನಲ್ಲಿ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ರನ್‌ವೇ ಹಾಸಬೇಕಾಯಿತು. ಅದರ ಅಂಚು ದಾಟಿದರೆ ಕಣಿವೆ. ಇಂಥದ್ದನ್ನೇ ಟೇಬಲ್‌ಟಾಪ್ ರನ್‌ವೇ ಎನ್ನುವುದು.

ಬೆಳೆದು ಬಂದ ದಾರಿ

1951ರ ಡಿಸೆಂಬರ್ 25ರಂದು ಅಂದಿನ ಪ್ರಧಾನಿಯವರ ಡಕೋಟಾ ವಿಮಾನ ಇಳಿಯುವುದರೊಂದಿಗೆ ನಿಲ್ದಾಣ ಆರಂಭವಾಯಿತು. ರನ್‌ವೇಯ ಉದ್ದ ಸುಮಾರು 1,600 ಮೀಟರ್; ಹಳೆಯ ಕಾಲದ ವಿಮಾನಗಳಿಗೆ ಅಷ್ಟು ಸಾಕಿತ್ತು. 1981ರಲ್ಲಿ ಪ್ರಯಾಣಿಕ ವಿಮಾನವೊಂದು ಅದರ ಅಂಚು ದಾಟಿ ಹೋದಾಗ ಜೀವಹಾನಿಯಾಗಲಿಲ್ಲ. ಅಷ್ಟರಲ್ಲಿ ಪಣಂಬೂರಿನ ಬಂದರು ಬೆಳೆದಿತ್ತು, ಕರಾವಳಿಯ ಮನೆಮನೆಯಿಂದ ಗಲ್ಫ್‌ಗೆ ದುಡಿಯಲು ಹೋಗುವವರು ಹೆಚ್ಚಿದ್ದರು. ಅವರು ಮುಂಬೈ ಸುತ್ತಿಕೊಂಡೇ ಹೋಗಬೇಕಿತ್ತು. 2006ರಲ್ಲಿ 2,450 ಮೀಟರ್ ಉದ್ದದ ಕಾಂಕ್ರೀಟ್ ರನ್‌ವೇ ಬಳಕೆಗೆ ಬಂತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದುಬೈಗೆ ನೇರ ವಿಮಾನ ಹಾರಿತು. ಏರೋಬ್ರಿಜ್‌ಗಳಿರುವ ಕೆಂಜಾರು ಟರ್ಮಿನಲ್ 2010ರ ಮೇ 15ರಂದು ಉದ್ಘಾಟನೆಯಾಯಿತು. ಅಂತರರಾಷ್ಟ್ರೀಯ ಸ್ಥಾನಮಾನ ಸಿಕ್ಕಿದ್ದು 2012ರಲ್ಲಿ.

ಆ ಒಂದು ಬೆಳಗ್ಗೆ

ಟರ್ಮಿನಲ್ ಉದ್ಘಾಟನೆಯಾಗಿ ವಾರ ಕಳೆದಿತ್ತಷ್ಟೆ. 2010ರ ಮೇ 22ರ ಬೆಳಗ್ಗೆ ಆರರ ಸುಮಾರಿಗೆ ದುಬೈಯಿಂದ ಬಂದ ವಿಮಾನ ರನ್‌ವೇಯ ಆರಂಭದಿಂದ 5,200 ಅಡಿ ದಾಟಿದ ಮೇಲೆ ನೆಲ ಮುಟ್ಟಿತು. ನಿಲ್ಲಲು ಉಳಿದದ್ದು ಸುಮಾರು 2,800 ಅಡಿ. ರನ್‌ವೇ ಮೀರಿ ಹೋದ ವಿಮಾನದ ಬಲರೆಕ್ಕೆ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿಯಿತು. ವಿಮಾನ ಕಣಿವೆಗೆ ಉರುಳಿ ಹೊತ್ತಿಕೊಂಡಿತು. 166 ಜನರಲ್ಲಿ ಉಳಿದವರು ಎಂಟೇ ಮಂದಿ.

ಮತ್ತೆ ಮೇಲೇರುವಂತೆ ಸಹಪೈಲಟ್ ಮೂರು ಬಾರಿ ಹೇಳಿದ್ದರೂ ಇಳಿಯುವುದನ್ನು ಕೈಬಿಡದಿದ್ದದ್ದೇ ನೇರ ಕಾರಣವೆಂದು ತನಿಖೆ ಕಂಡುಕೊಂಡಿತು. ಆದ್ದರಿಂದ ದೋಷವೆಲ್ಲ ರನ್‌ವೇಯದೆನ್ನುವುದು ಸರಿಯಲ್ಲ. ಆದರೆ ಬಯಲಿನಲ್ಲಾಗಿದ್ದರೆ ಇದೇ ತಪ್ಪಿಗೆ ಇಷ್ಟು ಜೀವ ಹೋಗಬೇಕಿರಲಿಲ್ಲ. ಟೇಬಲ್‌ಟಾಪ್ ರನ್‌ವೇಗಳ ಅಂಚಿನಾಚೆ ಇಳಿಜಾರು ಇರಬಾರದು, ಅಲ್ಲಿನ ಕಟ್ಟೆಗಳು ಬಡಿದರೆ ಮುರಿಯುವಂತಿರಬೇಕು ಎಂದು ತನಿಖಾ ವರದಿಯೂ ಹೇಳಿತ್ತು. 2020ರ ಆಗಸ್ಟ್‌ನಲ್ಲಿ ಕೋಯಿಕ್ಕೋಡ್‌ನ ಟೇಬಲ್‌ಟಾಪ್‌ನಲ್ಲೂ ವಿಮಾನ ಅಂಚು ದಾಟಿ ಕೆಳಗೆ ಬಿತ್ತು.

ಯಾರ ನೆಲ, ಯಾರ ಹೊಣೆ

2020ರ ಅಕ್ಟೋಬರ್‌ನಲ್ಲಿ ನಿಲ್ದಾಣ 50 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. 2023ರಲ್ಲಿ ರನ್‌ವೇಗೆ ಡಾಂಬರಿನ ಹೊಸ ಹೊದಿಕೆ ಬಂತು. ಪ್ರಯಾಣಿಕರ ಸೌಲಭ್ಯಗಳೂ ಸುಧಾರಿಸಿವೆ. ಇಷ್ಟಾದರೂ ರನ್‌ವೇಯ ಅಕ್ಕಪಕ್ಕ ಮತ್ತು ಕೊನೆಯಲ್ಲಿ ಬೇಕಾದ ಜಾಗದ ಪ್ರಶ್ನೆ ಬಗೆಹರಿದಿಲ್ಲ. ಅದಕ್ಕೆ ಕಣಿವೆ ತುಂಬಿಸಬೇಕು, ಸುತ್ತಲಿನ ಜನರ ಮನೆ, ತೋಟ ಪಡೆಯಬೇಕು. ನೆಲ ಬಿಡಲು ಅವರು ಹಿಂಜರಿದರೆ ಅದನ್ನು ಅಡ್ಡಿ ಎನ್ನಲಾಗದು. ಲಾಭ ಖಾಸಗಿಯವರಿಗಿರುವಾಗ ಭೂಸ್ವಾಧೀನದ ವೆಚ್ಚವನ್ನು ಸರ್ಕಾರ ಏಕೆ ಹೊರಬೇಕು ಎಂಬ ವಾದಕ್ಕೂ ತೂಕವಿದೆ. ಆದರೆ ಈ ಲೆಕ್ಕಾಚಾರ ಮುಗಿಯಲೆಂದು ಸುರಕ್ಷತೆ ಕಾಯುತ್ತ ಕೂರುವಂತಿಲ್ಲ. ವೆಚ್ಚವನ್ನು ಸರ್ಕಾರ ಮತ್ತು ಗುತ್ತಿಗೆದಾರರು ಹಂಚಿಕೊಳ್ಳಲಿ, ನೆಲ ಕಳೆದುಕೊಳ್ಳುವವರಿಗೆ ಮೊದಲು ಪುನರ್ವಸತಿ ಸಿಗಲಿ. ಟರ್ಮಿನಲ್‌ನ ಮುಂದಿನ ವಿಸ್ತರಣೆಗಿಂತ ಮೊದಲು ರನ್‌ವೇಯ ಅಂಚು ಭದ್ರವಾಗಲಿ.