6/6 ಇದ್ದರೂ ದೃಷ್ಟಿ ಒಡೆಯುವುದೇಕೆ?

ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಟ ತರುಣನಿಗೆ ಎದುರು ಬರುವ ವಾಹನಗಳ ದೀಪಗಳು ಕಿರಣ ಕಿರಣವಾಗಿ ಒಡೆದು ಕಾಣುತ್ತವೆ. ಕನ್ನಡಕದ ಅಂಗಡಿಯಲ್ಲಿ ಮಾತ್ರ ಅವನು 6/6ರ ಸಾಲನ್ನು ತಡವರಿಸದೆ ಓದುತ್ತಾನೆ; ದೋಷವಿಲ್ಲವೆಂದು ಹೇಳಿ ಕಳುಹಿಸುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ.

ಆ ಅಕ್ಷರಫಲಕವನ್ನು ಡಚ್ ವೈದ್ಯ ಸ್ನೆಲ್ಲನ್ 1862ರಲ್ಲಿ ರೂಪಿಸಿದನು. ಬೆಳಕಿನಲ್ಲಿ ಎಷ್ಟು ಚಿಕ್ಕ ಅಕ್ಷರವನ್ನು ಗುರುತಿಸಬಲ್ಲೆವು ಎಂಬುದನ್ನಷ್ಟೇ ಅದು ತಿಳಿಸುತ್ತದೆ. ಗುರುತಿಸುವಾಗ ಮಿದುಳಿನ ಊಹೆಯೂ ಬೆರೆಯುತ್ತದೆ. ಅಕ್ಷಿಪಟದ ಮೇಲೆ ಬಿದ್ದ ಬಿಂಬವೆಷ್ಟು ಚೊಕ್ಕಟವೆಂಬುದು ಬೇರೆಯೇ ಪ್ರಶ್ನೆ.

ಅದನ್ನಳೆಯುವ ಉಪಾಯ ನಮಗೆ ದೊರೆತದ್ದು ಖಗೋಳಶಾಸ್ತ್ರದಿಂದ. ದೂರದರ್ಶಕಗಳ ದೋಷವರಿಯಲು ಜರ್ಮನಿಯ ಹಾರ್ಟ್‌ಮನ್ 1900ರ ಸುಮಾರಿಗೆ ರಂಧ್ರಗಳ ಫಲಕವನ್ನು ಬಳಸಿದನು. ಅಮೆರಿಕದ ಶ್ಯಾಕ್ ಆ ರಂಧ್ರಗಳ ಜಾಗದಲ್ಲಿ ಕಿರುಮಸೂರಗಳನ್ನಿಟ್ಟನು. 1994ರಲ್ಲಿ ಲಿಯಾಂಗ್, ಬಿಲ್ಲೆ ಮೊದಲಾದವರು ಈ ವಿಧಾನದಿಂದ ಮನುಷ್ಯನ ಕಣ್ಣನ್ನು ಅಳೆದು ತೋರಿಸಿದರು. ಕ್ಷೀಣವಾದ ಬೆಳಕಿನ ಎಳೆಯೊಂದು ಕಣ್ಣನ್ನು ಹೊಕ್ಕು, ಅಕ್ಷಿಪಟದಿಂದ ಮರಳಿ, ಆ ಮಸೂರಗಳ ಮೂಲಕ ಚುಕ್ಕೆಗಳಾಗಿ ಬೀಳುತ್ತದೆ. ನಿರ್ದೋಷವಾದ ಕಣ್ಣಾದರೆ ಚುಕ್ಕಿರಂಗೋಲಿಗೆ ಇಟ್ಟಂತೆ ಸಮನಾದ ಸಾಲುಗಳು. ದೋಷವಿದ್ದರೆ ಚುಕ್ಕೆಗಳು ಜಾರಿರುತ್ತವೆ. ಜಾರಿದ ದೂರದಿಂದಲೇ ಗಣಕಯಂತ್ರವು ದೋಷದ ಲೆಕ್ಕ ಹಾಕುತ್ತದೆ. ನೋವಿಲ್ಲ, ಕೆಲವೇ ನಿಮಿಷಗಳ ಕೆಲಸ.

ಹಗಲಿನಲ್ಲಿ 2–3 ಮಿ.ಮೀ. ಇರುವ ಪಾಪೆಯು ತರುಣರಲ್ಲಿ ಕತ್ತಲಾದಾಗ 6–7 ಮಿ.ಮೀ.ವರೆಗೆ ಹಿಗ್ಗುತ್ತದೆ. ಆಗ ಅಂಚಿನ ದೋಷಗಳೂ ಬಿಂಬಕ್ಕೆ ಸೇರುತ್ತವೆ. ತರುಣನ ದೂರು ರಾತ್ರಿಯದೇ ಆಗಿರುವುದು ಇದರಿಂದ. ಕಣ್ಣೀರಿನ ಪೊರೆ ಒಡೆದರೂ ಚುಕ್ಕೆಗಳು ಕದಡುತ್ತವೆ. ವೈಟ್‌ಫೀಲ್ಡ್‌ನ ಕಚೇರಿಗಳಲ್ಲಿ ಎವೆಯಿಕ್ಕುವುದನ್ನೇ ಮರೆತು ಪರದೆ ನೋಡುವವರು ಇದನ್ನು ಗಮನಿಸಬೇಕು. (ಇಷ್ಟಲಿಂಗಪೂಜೆಯಲ್ಲಿ ಕರಸ್ಥಲವನ್ನು ದೂರ ಹಿಡಿಯತೊಡಗಿದ ಹಿರಿಯರ ಸಮಸ್ಯೆ ಇದಲ್ಲ, ಅದು ನಲವತ್ತರ ನಂತರದ ಚಾಳೀಸು, ಕನ್ನಡಕ ಸಾಕು.)

ನಾವು ನಿಜವಾಗಿ ಅಂಜಬೇಕಾದುದು ಕೆರಟೊಕೋನಸ್ ಎಂಬ ರೋಗಕ್ಕೆ. ಹದಿಹರೆಯದಲ್ಲಿಯೋ ಇಪ್ಪತ್ತರ ಆಸುಪಾಸಿನಲ್ಲಿಯೋ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂಚಾಚುತ್ತದೆ. ಕಣ್ಣುಜ್ಜುವ ಅಭ್ಯಾಸ ಅದನ್ನು ಉಲ್ಬಣಿಸುತ್ತದೆ. ಆರಂಭದಲ್ಲಿ ಫಲಕದ ಓದು ಸರಿಯಾಗಿಯೇ ಇರಬಹುದು. ಚುಕ್ಕೆಗಳ ಅಳತೆ ಮತ್ತು ಕಾರ್ನಿಯಾದ ನಕ್ಷೆ ಮುಂಚೆಯೇ ಸುಳಿವು ಕೊಡುತ್ತವೆ. ರೈಬೋಫ್ಲೇವಿನ್ ಹನಿ ಹಾಕಿ ಅತಿನೇರಳೆ ಬೆಳಕು ಹಾಯಿಸುವ ಚಿಕಿತ್ಸೆಯು ರೋಗದ ಮುನ್ನಡೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಕಳೆದುಹೋದ ಆಕಾರವನ್ನು ಮರಳಿ ತರಲಾರದು. ತಡಮಾಡಿದವರಿಗೆ ಕಾರ್ನಿಯಾ ಕಸಿಯವರೆಗೂ ಹೋಗಬೇಕಾದೀತು.

ಡಾ. ಭುಜಂಗ ಶೆಟ್ಟಿಯವರು ಸ್ಥಾಪಿಸಿದ ನಾರಾಯಣ ನೇತ್ರಾಲಯದಲ್ಲಿ ಈ ರೋಗದ ಕುರಿತು ಸಂಶೋಧನೆಯೂ ನಡೆದಿದೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಅದರ ಬೊಮ್ಮಸಂದ್ರ ಶಾಖೆ ಹತ್ತಿರ. ಖರ್ಚಿಗೆ ಅಂಜುವವರು ಮೊದಲು ಮಿಂಟೊ ಸರ್ಕಾರಿ ಕಣ್ಣಾಸ್ಪತ್ರೆಗೆ ತೋರಿಸಬಹುದು. ಮಕ್ಕಳ ಸಿಲಿಂಡರ್ ಸಂಖ್ಯೆ ಪದೇ ಪದೇ ಬದಲಾಗುತ್ತಿದ್ದರೆ ಹೊಸ ಕನ್ನಡಕಕ್ಕೆ ಮುನ್ನ ಕಾರ್ನಿಯಾದ ನಕ್ಷೆಯ ಬಗ್ಗೆ ವೈದ್ಯರನ್ನು ಕೇಳಿರಿ. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಅದನ್ನು ಎಷ್ಟು ದಿನ ಮೊದಲೇ ತೆಗೆದಿಡಬೇಕೆಂದು ವಿಚಾರಿಸಿಕೊಂಡು, ಹಳೆಯ ಚೀಟಿಗಳನ್ನೆಲ್ಲ ಜೊತೆಗೆ ಒಯ್ಯಬೇಕು.