ಗ್ರಾಮಸಭೆಗೆ ಬಾರದ ವರದಿ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಾರನೆಯ ದಿನ ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮ ಘಟ್ಟದ 56,800 ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸುವ ಕರಡು ಅಧಿಸೂಚನೆಯನ್ನು ಮತ್ತೊಮ್ಮೆ ಹೊರಡಿಸಿತು. 2014ರಿಂದ ಲೆಕ್ಕ ಹಿಡಿದರೆ ಅದು ಆರನೆಯ ಕರಡು. ಎರಡು ತಿಂಗಳೊಳಗೆ, ಸೆಪ್ಟೆಂಬರ್ 26ರಂದು, ಕರ್ನಾಟಕದ ಸಚಿವ ಸಂಪುಟ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಅದಕ್ಕೆ ಎರಡು ವರ್ಷ ಮೊದಲು ಐದನೆಯ ಕರಡು ಬಂದಾಗ ರಾಜ್ಯದಲ್ಲಿ ಬಿಜೆಪಿ ಸರ್ಕಾರವಿತ್ತು. ಅದೂ ಒಪ್ಪಿರಲಿಲ್ಲ. ಬೇರೆಲ್ಲ ವಿಷಯಗಳಲ್ಲಿ ಕಚ್ಚಾಡುವ ಪಕ್ಷಗಳು ಇದೊಂದರಲ್ಲಿ ಹೇಗೆ ಒಂದಾದವು?

ಮಲೆನಾಡಿನವರಿಗೆ ಕಾಡು ಬೇಡವಾಗಿದೆ ಎಂದು ನಗರದಲ್ಲಿ ಕೂತು ಹೇಳುವವರಿದ್ದಾರೆ. ಅದು ಸುಳ್ಳು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. ಅದಕ್ಕೂ ಮೊದಲೇ ಬೇಡ್ತಿ ಅಣೆಕಟ್ಟು ಬೇಡವೆಂದು ಎದ್ದವರಲ್ಲಿ ಅಲ್ಲಿನ ಅಡಿಕೆ ಬೆಳೆಗಾರರೇ ಮುಂದಿದ್ದರು. ಸೊಪ್ಪಿನ ಬೆಟ್ಟ ಉಳಿದರೆ ತೋಟ ಉಳಿದೀತು, ತೋಟ ಉಳಿದರೆ ಮನೆ ನಡೆದೀತು ಎಂಬುದನ್ನು ಅವರಿಗೆ ಯಾವ ಸಮಿತಿಯೂ ಹೇಳಿಕೊಡಬೇಕಿರಲಿಲ್ಲ.

ಆದರೆ ಅದೇ ಜನಕ್ಕೆ ಸರ್ಕಾರದ ಕಾಗದಗಳ ಅನುಭವವೂ ಉಂಟು. ಲಿಂಗನಮಕ್ಕಿ ಅಣೆಕಟ್ಟೆಗಾಗಿ ಅರವತ್ತರ ದಶಕದಲ್ಲಿ ಮನೆಮಠ ಬಿಟ್ಟು ಎದ್ದ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಹೋರಾಡುತ್ತಲೇ ಬಂದಿದ್ದಾರೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಹಳ್ಳಿಗಳು ಎಬ್ಬಿಸುತ್ತಾರೆಂಬ ಆತಂಕದಲ್ಲೇ ವರ್ಷಗಳನ್ನು ಕಳೆದವು. ಅರಣ್ಯ ಹಕ್ಕು ಕಾಯ್ದೆಯಡಿ ಹಾಕಿದ ಅರ್ಜಿಗಳು ರಾಶಿರಾಶಿಯಾಗಿ ತಿರಸ್ಕೃತವಾದವು. ಬಗರ್‌ಹುಕುಂ ಸಾಗುವಳಿದಾರನಿಗೆ ಯಾವ ದಿನ ನೋಟಿಸ್ ಬಂದೀತೆಂಬ ಭಯ ತಪ್ಪಿದ್ದಲ್ಲ. ‘ಅಧಿಸೂಚನೆ’ ಎಂದರೆ ಬೆಚ್ಚುವ ಊರುಗಳಿವು. ಮುಂದೆ ನಡೆದದ್ದನ್ನು ಈ ಹಿನ್ನೆಲೆಯಲ್ಲಿಟ್ಟೇ ನೋಡಬೇಕು.

2010ರ ಫೆಬ್ರುವರಿಯಲ್ಲಿ ನೀಲಗಿರಿಯ ಕೋತಗಿರಿಯಲ್ಲಿ ಪಶ್ಚಿಮ ಘಟ್ಟ ಉಳಿಸಿ ಆಂದೋಲನದವರು ಸಭೆ ಸೇರಿದ್ದರು. ಆಗಿನ ಪರಿಸರ ಸಚಿವ ಜೈರಾಂ ರಮೇಶ್ ಅಲ್ಲಿಗೆ ಹೋಗಿದ್ದರು. ಮರು ತಿಂಗಳೇ ತಜ್ಞರ ಸಮಿತಿ ರಚನೆಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದ, ಉತ್ತರ ಕನ್ನಡದ ಕಾಡುಗಳನ್ನು ದಶಕಗಳ ಕಾಲ ಸುತ್ತಿದ ಮಾಧವ ಗಾಡ್ಗೀಳ್ ಅದರ ಅಧ್ಯಕ್ಷರು. 2011ರ ಆಗಸ್ಟ್ 31ರಂದು ಅವರು ವರದಿ ಕೊಟ್ಟರು.

ಗಾಡ್ಗೀಳ್ ಇಡೀ ಘಟ್ಟವನ್ನು ಸೂಕ್ಷ್ಮವೆಂದು ಕರೆದದ್ದು ನಿಜ. ಆದರೆ ಎಲ್ಲ ಕಡೆಗೂ ಒಂದೇ ಕಟ್ಟಳೆ ಹೇರಲಿಲ್ಲ. ಮೂರು ವಲಯಗಳಾಗಿ ವಿಂಗಡಿಸಿದರು. ಮೊದಲ ವಲಯದಲ್ಲಿ ಹೊಸ ಗಣಿ ಬೇಡ, ದೊಡ್ಡ ಅಣೆಕಟ್ಟು ಬೇಡ ಎಂದರು. ನಮ್ಮ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದರು. ಎಲ್ಲಕ್ಕಿಂತ ದೊಡ್ಡ ಮಾತು ಬೇರೆಯೇ ಇತ್ತು: ಈ ಗೆರೆಗಳು ತಾತ್ಕಾಲಿಕ, ಅಂತಿಮ ಗೆರೆಯನ್ನು ಗ್ರಾಮಸಭೆಗಳ ಅಭಿಪ್ರಾಯ ಕೇಳಿ ಎಳೆಯಬೇಕು. ಅದಕ್ಕೆ ಗೋವಾದ ಪ್ರಾದೇಶಿಕ ಯೋಜನೆ 2021ನ್ನು ಮಾದರಿಯಾಗಿ ತೋರಿಸಿದರು. ಅಲ್ಲಿ ಹಳ್ಳಿಹಳ್ಳಿಯ ನೆಲ, ನೀರಿನ ನಕ್ಷೆಗಳನ್ನು ಗ್ರಾಮಸಭೆಗಳ ಮುಂದಿಟ್ಟು, ಯಾವುದು ಎಲ್ಲಿರಬೇಕೆಂದು ಜನರನ್ನೇ ಕೇಳಲಾಗಿತ್ತು. ಸ್ಥಳೀಯರಿಗೆ ಇಷ್ಟು ಅಧಿಕಾರ ಕೊಡಲು ಹೊರಟ ಪರಿಸರ ವರದಿ ಈ ದೇಶದಲ್ಲಿ ಅಪರೂಪ.

ಈ ವರದಿಯನ್ನು ಸಚಿವಾಲಯ ಬಚ್ಚಿಟ್ಟಿತು. ಕೇರಳದ ನಾಗರಿಕರೊಬ್ಬರು ಮಾಹಿತಿ ಹಕ್ಕಿನಡಿ ಕೇಳಿದರೂ ಕೊಡಲಿಲ್ಲ. ಕೇಂದ್ರ ಮಾಹಿತಿ ಆಯೋಗ ಬಹಿರಂಗಪಡಿಸಿ ಎಂದಾಗ ಸಚಿವಾಲಯ ದೆಹಲಿ ಹೈಕೋರ್ಟಿಗೆ ಹೋಯಿತು. ಅಲ್ಲಿ ಸೋತ ಮೇಲೆಯೇ, 2012ರ ಮೇ ತಿಂಗಳಲ್ಲಿ, ವರದಿ ಹೊರಬಂತು. ಬಂದದ್ದಾದರೂ ಇಂಗ್ಲಿಷಿನಲ್ಲಿ, ನೂರಾರು ಪುಟಗಳಲ್ಲಿ. ರಾಜ್ಯಗಳ ಭಾಷೆಗಳಿಗೆ ತಂದು ಪಂಚಾಯಿತಿಗಳಿಗೆ ಮುಟ್ಟಿಸಿ ಎಂದು ಗಾಡ್ಗೀಳ್ ಮತ್ತೆಮತ್ತೆ ಕೇಳಿಕೊಂಡರು. ಅತ್ತ ವರದಿ ಕಪಾಟಿನಲ್ಲಿದ್ದ ಒಂಬತ್ತು ತಿಂಗಳಲ್ಲಿ ಇತ್ತ ಊರೂರಿನಲ್ಲಿ ಅದರ ಬಗ್ಗೆ ಕತೆಗಳು ಹುಟ್ಟಿದವು. ಹಟ್ಟಿಯಲ್ಲಿ ದನ ಕಟ್ಟುವಂತಿಲ್ಲವಂತೆ. ಮನೆಗೆ ಹೊಸ ಹಂಚು ಹೊದಿಸುವಂತಿಲ್ಲವಂತೆ. ತೋಟಕ್ಕೆ ಔಷಧಿ ಹೊಡೆಯುವಂತಿಲ್ಲವಂತೆ.

ಕೊನೆಯದರಲ್ಲಿ ಒಂದೆಳೆ ಸತ್ಯವಿತ್ತು. ರಾಸಾಯನಿಕ ಕೀಟನಾಶಕಗಳನ್ನು ಮೊದಲ ವಲಯದಲ್ಲಿ ಐದು ವರ್ಷಗಳೊಳಗೆ ಹಂತಹಂತವಾಗಿ ಕೈಬಿಡಬೇಕು, ಸಾವಯವಕ್ಕೆ ಹೊರಳುವ ರೈತನಿಗೆ ನೆರವು ಸಿಗಬೇಕು ಎಂದು ವರದಿ ಹೇಳಿತ್ತು. ಬೋರ್ಡೋ ದ್ರಾವಣ ಹೊಡೆಯದಿದ್ದರೆ ಒಂದೇ ಮಳೆಗಾಲದಲ್ಲಿ ಕೊಳೆರೋಗಕ್ಕೆ ಫಸಲೆಲ್ಲ ಉದುರುವ ಅಡಿಕೆ ತೋಟದವನಿಗೆ ಇದರಿಂದ ದಿಗಿಲಾಗುವುದು ಸಹಜ. ‘ನನ್ನ ದ್ರಾವಣ ಇದರಲ್ಲಿ ಸೇರುತ್ತದೆಯೇ, ಸೇರಿದರೆ ಬದಲಿ ಏನು?’ ಎಂದು ಅವನು ಕೇಳಬಹುದಾದ ಜಾಗ ಗ್ರಾಮಸಭೆ. ವರದಿ ಅಲ್ಲಿಗೆ ಬರಲೇ ಇಲ್ಲ.

2012ರ ಆಗಸ್ಟಿನಲ್ಲಿ ಇಸ್ರೊ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಎರಡನೆಯ ಸಮಿತಿ ಬಂತು. 2013ರ ಏಪ್ರಿಲ್‌ನಲ್ಲಿ ಅದು ಕೊಟ್ಟ ವರದಿ ಮೊದಲನೆಯದಕ್ಕಿಂತ ಬಹಳ ಸಡಿಲ. ಘಟ್ಟದ ಶೇ 37ರಷ್ಟು ಭಾಗವನ್ನು ಮಾತ್ರ ಸೂಕ್ಷ್ಮವೆಂದಿತು. ತೋಟ, ಗದ್ದೆ, ಊರುಗಳಿರುವ ಬಹುಪಾಲನ್ನು ಹೊರಗಿಟ್ಟಿತು. ಆದರೆ ಗುರುತಿಸಿದ ರೀತಿಯಲ್ಲಿ ಜನರ ಪಾತ್ರವಿರಲಿಲ್ಲ. ಉಪಗ್ರಹ ಚಿತ್ರ ನೋಡಿ, ಒಂದು ಗ್ರಾಮದ ಶೇ 20 ಅಥವಾ ಅದಕ್ಕಿಂತ ಹೆಚ್ಚು ನೆಲ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವನ್ನು ಪಟ್ಟಿಗೆ ಸೇರಿಸಿದರು. ಊರಿನ ಐದನೆಯ ಒಂದು ಭಾಗ ಕಾಡಾಗಿದ್ದರೆ ಉಳಿದ ನಾಲ್ಕು ಭಾಗವೂ ಪಟ್ಟಿಯಲ್ಲಿ. ಹೀಗೆ ಕರ್ನಾಟಕದ ಹತ್ತು ಜಿಲ್ಲೆಗಳ 1,576 ಗ್ರಾಮಗಳು, 20,668 ಚದರ ಕಿಲೋಮೀಟರ್ ಕರಡಿನೊಳಗೆ ಬಂದವು. ತಮ್ಮ ಊರಿನ ಹೆಸರು ಅದರಲ್ಲಿರುವುದು ಎಷ್ಟೋ ಜನರಿಗೆ ಗೊತ್ತಾದದ್ದು ಪತ್ರಿಕೆಗಳಿಂದ. ಈ ವಿಧಾನವನ್ನು ಗಾಡ್ಗೀಳ್ ಬಹಿರಂಗ ಪತ್ರ ಬರೆದು ಖಂಡಿಸಿದರು. ಅಷ್ಟರಲ್ಲಿ ಜನರ ಬಾಯಲ್ಲಿ ಎರಡೂ ವರದಿಗಳು ಕಲಸಿಹೋಗಿದ್ದವು; ಗಾಡ್ಗೀಳ್ ವರದಿಯ ಮೇಲಿನ ಭಯವೆಲ್ಲ ಕಸ್ತೂರಿರಂಗನ್ ಹೆಸರಿಗೆ ಅಂಟಿತು.

ರಾಜಕೀಯ ಪಕ್ಷಗಳಿಗೆ ಈ ಭಯದ ಬೆಲೆ ಮೊದಲು ತಿಳಿದದ್ದು ಕೇರಳದ ಇಡುಕ್ಕಿಯಲ್ಲಿ. ಗಾಡ್ಗೀಳ್ ವರದಿಯ ಪರ ನಿಂತ ಅಲ್ಲಿನ ಕಾಂಗ್ರೆಸ್ ಸಂಸದ ಪಿ.ಟಿ. ಥಾಮಸ್ ಅವರಿಗೆ 2014ರಲ್ಲಿ ಟಿಕೆಟ್ಟೇ ಸಿಗಲಿಲ್ಲ. ವರದಿ ವಿರೋಧಿ ಹೋರಾಟದಿಂದ ಬಂದ, ಎಡರಂಗದ ಬೆಂಬಲವಿದ್ದ ಪಕ್ಷೇತರ ಅಭ್ಯರ್ಥಿ ಗೆದ್ದರು. ಘಟ್ಟದ ಪರ ಮಾತಾಡಿದರೆ ಕುರ್ಚಿ ಹೋಗುತ್ತದೆಂಬ ಪಾಠ ಗಡಿ ದಾಟಿ ಬರಲು ತಡವಾಗಲಿಲ್ಲ. ಮಲೆನಾಡಿನ ಪಂಚಾಯಿತಿಗಳು ವಿರೋಧದ ನಿರ್ಣಯ ಮಾಡಿದವು. ವರದಿ ಜಾರಿಯಾಗಲು ಬಿಡುವುದಿಲ್ಲ ಎಂಬುದು ಎಲ್ಲ ಪಕ್ಷಗಳ ಚುನಾವಣಾ ಭಾಷಣದ ಮಾತಾಯಿತು.

ಕರಡು ನಿಜಕ್ಕೂ ನಿಷೇಧಿಸುವುದೇನು? ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಅತಿ ಮಾಲಿನ್ಯದ ಕೆಂಪು ಪಟ್ಟಿಯ ಉದ್ಯಮ, 20,000 ಚದರ ಮೀಟರ್ ಮೀರಿದ ಕಟ್ಟಡ, 50 ಹೆಕ್ಟೇರ್ ಮೀರಿದ ಟೌನ್‌ಶಿಪ್. ಬೇಸಾಯಕ್ಕೆ ತಡೆಯಿಲ್ಲ. ಇರುವ ಮನೆಯನ್ನು ದುರಸ್ತಿ ಮಾಡಬಹುದು, ವಿಸ್ತರಿಸಬಹುದು. ಎರಡೆಕರೆ ತೋಟದವನು 20,000 ಚದರ ಮೀಟರ್ ಕಟ್ಟಡ ಕಟ್ಟುವುದಿಲ್ಲ, ಕಟ್ಟುವವರು ಬೇರೆ. ಆದರೂ ಬೀದಿಗೆ ಬಂದದ್ದು ತೋಟದವನು. ಅವನ ಭಯ ಪ್ರಾಮಾಣಿಕವಾದದ್ದು. ಅದನ್ನು ಪರಿಹರಿಸಬೇಕಿದ್ದವರು ಅದನ್ನೇ ಬೆಳೆಸಿ, ಕ್ವಾರಿ ಮತ್ತು ಕಟ್ಟಡದ ಲಾಭಕ್ಕೆ ಗುರಾಣಿಯಾಗಿ ಹಿಡಿದರು ಎಂದೇ ನಾನು ತಿಳಿದಿದ್ದೇನೆ. ಹಾಗಂತ ಕರಡು ನಿರ್ದೋಷಿಯಲ್ಲ. ಹಕ್ಕುಪತ್ರವಿಲ್ಲದವನ ಗತಿಯೇನು, ಕೆಂಪು ಪಟ್ಟಿಗೆ ಬರುವ ಆಸ್ಪತ್ರೆ ಬೇಕಾದರೆ ಏನು ಮಾಡಬೇಕು, ಕಾಡು ಕಾಯ್ದವನಿಗೆ ಕೊಡುವುದೇನು ಎಂಬ ಪ್ರಶ್ನೆಗಳಿಗೆ ಹಳ್ಳಿಯವನಿಗೆ ಅರ್ಥವಾಗುವ ಉತ್ತರ ಸಿಕ್ಕಿಲ್ಲ.

ಈ ನಡುವೆ ಗುಡ್ಡಗಳು ಕುಸಿಯುತ್ತಲೇ ಇವೆ. 2018ರಲ್ಲಿ ಕೊಡಗಿನ ಜೋಡುಪಾಲ, ಮಕ್ಕಂದೂರು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಗಾಗಿ ಕಡಿದ ಗುಡ್ಡ. ಮುಂಡಕ್ಕೈ ಇರುವ ವೈತಿರಿ ತಾಲ್ಲೂಕನ್ನು ಗಾಡ್ಗೀಳ್ ಸಮಿತಿ ಮೊದಲ ವಲಯದಲ್ಲಿ ಇರಿಸಿತ್ತು.

ಮಲೆನಾಡಿನ ಓದುಗರಲ್ಲಿ ಒಂದು ಕೇಳಿಕೆ. ಮುಂದಿನ ಗ್ರಾಮಸಭೆಯಲ್ಲಿ ವರದಿಯ ಪರವೋ ವಿರುದ್ಧವೋ ಕೈಯೆತ್ತುವ ಮೊದಲು, ಕರಡಿನ ಕನ್ನಡ ಪ್ರತಿಯನ್ನೂ ನಿಮ್ಮ ಊರಿನ ನಕ್ಷೆಯನ್ನೂ ಸಭೆಯ ಮುಂದಿಡಿ ಎಂದು ಪಟ್ಟು ಹಿಡಿಯಿರಿ. ಒಂದೊಂದೇ ಅಂಶವನ್ನು ಓದಿಸಿ, ಒಪ್ಪದ್ದನ್ನು ಕಾರಣ ಸಮೇತ ನಡವಳಿಯಲ್ಲಿ ಬರೆಸಿ. ನಿಮ್ಮ ಶಾಸಕರು ಬಂದರೆ, ಅವರು ವರದಿಯನ್ನು ಓದಿದ್ದಾರೆಯೇ ಎಂದು ಮೊದಲು ಕೇಳಿ.